ತೆಂಗಿನೆಣ್ಣೆ ಉಳಿಸಿದ ಎಂಜಿನ್ನು

ಕರಾವಳಿಯ ಯಾವುದೇ ಮೀನುಗಾರರ ಕೇರಿಯನ್ನು ಹೊಕ್ಕು ನೋಡಿದರೂ ಮನೆಯ ಹಿತ್ತಿಲಿನಲ್ಲಿ, ಮಡಲಿನ ಮಾಡಿನ ಕೆಳಗೆ, ಹರಿದ ಬಲೆಯ ರಾಶಿಗೆ ಒರಗಿ ನಿಂತ ಹಳೆಯ ಔಟ್‌ಬೋರ್ಡ್ ಎಂಜಿನ್ನೊಂದು ಕಣ್ಣಿಗೆ ಬೀಳುವುದುಂಟು. ಬಣ್ಣ ಮಾಸಿರುತ್ತದೆ, ಮೇಲಿನ ಮುಚ್ಚಳ ಎಲ್ಲಿಯೋ ಕಳೆದುಹೋಗಿರುತ್ತದೆ, ಕೋಳಿಗಳು ಅದರ ಮೇಲೆ ಕುಳಿತು ರಾತ್ರಿ ಕಳೆದಿರುತ್ತವೆ. ಮನೆಯವರು ಅದನ್ನು ಮಾರುವುದೂ ಇಲ್ಲ, ದುರಸ್ತಿ ಮಾಡಿಸುವುದೂ ಇಲ್ಲ. ಕೇಳಿದರೆ, "ಇರಲಿ ಫಾದರ್, ಒಂದು ದಿನ ನೋಡುವಾ" ಎನ್ನುತ್ತಾರೆ. ಆ ಒಂದು ದಿನ ಸಾಮಾನ್ಯವಾಗಿ ಬರುವುದಿಲ್ಲ. ಬಂದ ಒಂದು ಸಂದರ್ಭಕ್ಕೆ ನಾವು ಸಾಕ್ಷಿಯಾದೆವು; ಸಾಕ್ಷಿ ಮಾತ್ರವಲ್ಲ, ಸ್ಪ್ಯಾನರ್ ಎತ್ತಿಕೊಡುವ ಆಳೂ ಆದೆವು. ಆ ವೃತ್ತಾಂತವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಘಟ್ಟದ ಮೇಲಿನ ಓದುಗರಿಗೆ ಮೊದಲು ಎರಡು ಮಾತು ಹೇಳಬೇಕು. ದೊಡ್ಡ ಬೋಟುಗಳಲ್ಲಿ ಎಂಜಿನ್ನು ಬೋಟಿನ ಹೊಟ್ಟೆಯೊಳಗಿರುತ್ತದೆ. ನಾಡದೋಣಿಗೆ ಅಂಥ ಹೊಟ್ಟೆಯಿಲ್ಲ. ಆದ್ದರಿಂದ ಎಂಜಿನ್ನನ್ನು ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುತ್ತಾರೆ. ಮೇಲೆ ಸಿಲಿಂಡರು, ಕಾರ್ಬುರೇಟರುಗಳಿರುವ ತಲೆ. ನಡುವೆ ಉದ್ದನೆಯ ಕಾಲು. ನೀರಿನಲ್ಲಿ ಮುಳುಗಿರುವ ಪಾದದಲ್ಲಿ ಗೇರುಗಳು ಮತ್ತು ಫ್ಯಾನು. ಚುಕ್ಕಾಣಿ ಬೇರೆ ಬೇಡ. ಎಂಜಿನ್ನನ್ನೇ ತಿರುಗಿಸಿದರೆ ದೋಣಿ ತಿರುಗುತ್ತದೆ. ಎರಡು ಸ್ಟ್ರೋಕಿನ ಈ ಯಂತ್ರದಲ್ಲಿ ಇಂಧನದೊಡನೆ ಬೆರೆಸಿದ ಆಯಿಲ್ಲೇ ತಲೆಯೊಳಗಿನ ಅಂಗಗಳಿಗೆಲ್ಲ ಜಿಡ್ಡು. ಬೆರೆಸಲು ಮರೆತರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ನಾಡದೋಣಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಸೀಮೆಎಣ್ಣೆಯ ಎಂಜಿನ್ನು. ತಣ್ಣಗಿರುವ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸುಲಭವಾಗಿ ಹೊತ್ತಿಕೊಳ್ಳದು. ಆದ್ದರಿಂದ ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಸ್ವಲ್ಪ ಹೊತ್ತು ಪೆಟ್ರೋಲಿಗೆ ತರಬೇಕು. ತರದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಬೆಳಗ್ಗೆ ಹಗ್ಗ ಎಳೆದೆಳೆದು ಭುಜ ಸೋಲುತ್ತದೆ.

ನಮ್ಮ ಊರು ಹೊನ್ನಾವರದ ಬಳಿ ಶರಾವತಿಯು ಸಮುದ್ರ ಸೇರುವ ಅಳಿವೆಗೆ ಹೆಚ್ಚು ದೂರವಿಲ್ಲ. ಪಾಸ್ಖ ಹಬ್ಬ ಕಳೆದ ಮೇಲೆ ಒಂದು ಸಂಜೆ ಮನೆಭೇಟಿಗೆಂದು ಹೊರಟಿದ್ದೆವು. ಒಂದು ಮನೆಯ ಅಂಗಳದಲ್ಲಿ ಗುಜರಿಯವನು ತಕ್ಕಡಿ ತೂಗುಹಾಕಿ ನಿಂತಿದ್ದ. ತೂಗಲಿಕ್ಕಿದ್ದುದು ಎಂಟು ಅಶ್ವಶಕ್ತಿಯ ಒಂದು ಹಳೆಯ ಜಪಾನಿ ಎಂಜಿನ್ನು. ಮನೆಯ ತಾಯಿ ನಮ್ಮನ್ನು ಕಂಡು ತಲೆಯ ಮೇಲೆ ಸೆರಗೆಳೆದುಕೊಂಡು, "ಫಾದರ್, ನೀವೇ ಹೇಳಿ. ಅಲ್ಯೂಮಿನಿಯಂ ತೂಕಕ್ಕೆ ಕೊಡುವುದೋ, ಇಟ್ಟುಕೊಳ್ಳುವುದೋ? ಮಗ ಬೇಡ ಎನ್ನುತ್ತಾನೆ. ಇವರು ಮಾತೇ ಆಡುವುದಿಲ್ಲ" ಎಂದರು. 'ಇವರು' ಎಂದರೆ ಜಗಲಿಯ ಮೂಲೆಯಲ್ಲಿ ಬಲೆಯ ಹರಕು ಕಟ್ಟುತ್ತ ಕುಳಿತಿದ್ದ ಅವರ ಯಜಮಾನರು.

ಯಜಮಾನರ ಮೌನಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ನಾಲ್ಕು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ಮರಳಿ ಬರುವಾಗ ಅಳಿವೆಯ ಬಾಯಿಯಲ್ಲಿ ಎಂಜಿನ್ನು ನಿಂತಿತು. ಅಳಿವೆಯಲ್ಲಿ ಎಂಜಿನ್ನು ನಿಲ್ಲುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ಹೊಳೆಯ ಸೆಳೆತ ಒಂದು ಕಡೆ, ಮರಳದಿಬ್ಬದ ಮೇಲೆ ಮುರಿದು ಬೀಳುವ ಅಲೆ ಇನ್ನೊಂದು ಕಡೆ. ನಡುವೆ ಬಲ ಕಳೆದುಕೊಂಡ ದೋಣಿ ಅಲೆಗೆ ಅಡ್ಡಲಾಗಿ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚುತ್ತದೆ. ಅವರೂ ಜೊತೆಯಲ್ಲಿದ್ದ ಇಬ್ಬರೂ ಈಜಿ ಬದುಕಿದರು. ದೋಣಿಯೂ ಅದಕ್ಕೆ ಬಿಗಿದಿದ್ದ ಎಂಜಿನ್ನೂ ದಡಕ್ಕೆ ಬಂದವು. ಆದರೆ ಅಂದಿನಿಂದ ಅವರು ಅಳಿವೆ ದಾಟಲಿಲ್ಲ. ಎಂಜಿನ್ನನ್ನು ಮುಟ್ಟಲೂ ಇಲ್ಲ. ಬಲೆಯ ಭಾರ ಹೆಚ್ಚಾಗಿತ್ತು, ತಪ್ಪು ನನ್ನದೇ ಎಂದು ಒಮ್ಮೆ ನಮ್ಮಲ್ಲಿ ಹೇಳಿಕೊಂಡಿದ್ದರು.

ಮಗನ ಲೆಕ್ಕಾಚಾರ ಬೇರೆಯದು. ಅವನು ದೊಡ್ಡ ಬೋಟಿನಲ್ಲಿ ಕೂಲಿಗೆ ಹೋಗುವ ಇಪ್ಪತ್ತನಾಲ್ಕರ ಹುಡುಗ. ಈಗಿನ ನಿಯಮದಂತೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವೆಂದು ಸರಕಾರ ವಿಧಿಸಿರುವ ನಿಷೇಧವಿದು, ನಿಷೇಧ ಸರಿಯಾದುದೇ. ಆದರೆ ಆ ಎರಡು ತಿಂಗಳು ಕೂಲಿಯವನ ಒಲೆಗೆ ಸೌದೆಯೆಲ್ಲಿಂದ? ಅದೇ ನಿಯಮದಲ್ಲಿ ಒಂದು ಕಿಟಕಿ ತೆರೆದಿದೆ: 10 ಅಶ್ವಶಕ್ತಿಯೊಳಗಿನ ಎಂಜಿನ್ನು ಜೋಡಿಸಿದ ಸಾಂಪ್ರದಾಯಿಕ ನಾಡದೋಣಿಗಳು ಆ ಅವಧಿಯಲ್ಲಿಯೂ ಮೀನು ಹಿಡಿಯಬಹುದು. ಮಳೆ ಹಿಡಿದು, ಒಂದು ತೂಫಾನು ಎದ್ದು ಕಡಲನ್ನು ಕಲಕಿ ತಣಿದರೆ, ದಡದ ಸಮೀಪಕ್ಕೇ ಸೀಗಡಿ ಬರುತ್ತದೆಂಬುದು ನಮ್ಮವರ ಅನುಭವ. ಪೇಟೆಯಲ್ಲಿ ಬೇರೆ ಮೀನಿಲ್ಲದ ಆ ದಿನಗಳಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಹೀಗೆ ಗುಜರಿಯವನ ತಕ್ಕಡಿಗೆ ಬಂದಿದ್ದ ಆ ಎಂಟು ಅಶ್ವಶಕ್ತಿಯೇ ಆ ಮನೆಯ ಮಳೆಗಾಲ. ಹೊಸದನ್ನು ಕೊಳ್ಳೋಣವೆಂದರೆ ಲಕ್ಷದ ಮೇಲಿನ ಮಾತು.

ನಾವು ಗುಜರಿಯವನಿಗೆ ಎಳನೀರು ಕೊಡಿಸಿ ಕಳುಹಿಸಿದೆವು. ತಿಳಿದು ಮಾಡಿದ್ದಲ್ಲ. ನಮಗೆ ಸೆಮಿನರಿಯಲ್ಲಿ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಕಲಿಸಿದ್ದರೇ ಹೊರತು ಸ್ಪ್ಯಾನರಿನ ನಾಲ್ಕು ಅಳತೆಗಳನ್ನು ಕಲಿಸಿರಲಿಲ್ಲ. ಆದರೆ ಬಲ್ಲವರೊಬ್ಬರನ್ನು ನಾವು ಬಲ್ಲೆವು. ಪಕ್ಕದ ಕೇರಿಯಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರಿದ್ದಾರೆ. ಎಂಜಿನ್ನುಗಳ ಸದ್ದಿನಲ್ಲಿಯೇ ಆಯುಷ್ಯ ಕಳೆದು ಕಿವಿ ಮಂದವಾಗಿದೆ. ಅಂಗೈಯನ್ನು ಯಂತ್ರದ ಮೇಲಿಟ್ಟು ರೋಗ ಹೇಳುತ್ತಾರೆ. ಅವರು ಬಂದು ಕುಕ್ಕುರುಗಾಲಿನಲ್ಲಿ ಕುಳಿತು, ಅರ್ಧ ಗಂಟೆ ಬರಿದೆ ನೋಡಿದರು. ಅನಂತರ ಕೇಳಿದ್ದು ಒಂದೇ ಪ್ರಶ್ನೆ: "ನೀರಿನಿಂದ ತೆಗೆದ ಮೇಲೆ ಏನು ಮಾಡಿದಿರಿ?"

ಈ ಪ್ರಶ್ನೆಯ ಮಹತ್ವ ಆಗ ನಮಗೆ ತಿಳಿಯಲಿಲ್ಲ. ಉಪ್ಪುನೀರಿನಲ್ಲಿ ಮುಳುಗಿದ ಎಂಜಿನ್ನನ್ನು ಕೆಡಿಸುವುದು ಮುಳುಗಿದ ಗಂಟೆಯಲ್ಲ, ಮೇಲೆತ್ತಿದ ನಂತರದ ಗಂಟೆಗಳು. ಉಪ್ಪು ಮತ್ತು ಗಾಳಿ ಒಟ್ಟಿಗೆ ಸೇರಿದಾಗ ಕಬ್ಬಿಣದ ಬೇರಿಂಗು, ಉಂಗುರಗಳ ಮೇಲೆ ತುಕ್ಕು ಗಂಟೆಗಳಲ್ಲಿಯೇ ಏಳುತ್ತದೆ. ಆದ್ದರಿಂದ ತೆಗೆದ ಕೂಡಲೇ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಪ್ಲಗ್ಗು ಬಿಚ್ಚಿ ಒಳಗಿನ ನೀರನ್ನೆಲ್ಲ ಹೊರಹಾಕಿ, ಎಣ್ಣೆ ಹುಯ್ದು, ಸಾಧ್ಯವಾದರೆ ಅದೇ ದಿನ ಚಾಲೂ ಮಾಡಿ ಬಿಸಿ ಮಾಡಬೇಕು. ಮೆಕ್ಯಾನಿಕ್ ಬರುವುದು ತಡವಾಗುವುದಾದರೆ ಸಿಹಿನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಯೇ ಇಡಬೇಕು. ಒಣಗಿಸಲೆಂದು ಬಿಸಿಲಿಗಿಡುವುದು ಎಲ್ಲರೂ ಮಾಡುವ ತಪ್ಪು. ನೀರಿನಲ್ಲಿ ಬಿದ್ದು ಕೆಟ್ಟದ್ದನ್ನು ಮತ್ತೆ ನೀರಿನಲ್ಲಿಡುವುದೇ ಎಂದು ನಾವು ಹುಬ್ಬೇರಿಸಿದೆವು. ಗಾಳಿ ಸೋಕದಂತೆ ಇಡುವುದೇ ಅದರ ಗುಟ್ಟು.

ಯಜಮಾನರು ಬಲೆಯಿಂದ ತಲೆಯೆತ್ತದೆ ಉತ್ತರಿಸಿದರು: "ಪ್ಲಗ್ಗು ಬಿಚ್ಚಿ, ತಲೆಕೆಳಗು ಮಾಡಿ ನೀರು ಬಸಿದೆ. ಮನೆಯಲ್ಲಿ ಬೇರೆ ಎಣ್ಣೆ ಇರಲಿಲ್ಲ. ಇವಳ ಅಡುಗೆಯ ತೆಂಗಿನೆಣ್ಣೆ ಹುಯ್ದೆ. ಹಗ್ಗ ನಾಲ್ಕು ಸಲ ಎಳೆದೆ. ಅಷ್ಟೆ."

ಮೇಸ್ತ್ರಿಯವರ ಮುಖ ಅರಳಿತು. "ಹಾಗಾದರೆ ನೋಡುವಾ," ಎಂದರು.

ದುರಸ್ತಿಯ ಕೆಲಸ ನಡೆದದ್ದು ಇಗರ್ಜಿಯ ಉಗ್ರಾಣದ ಜಗಲಿಯಲ್ಲಿ, ಸಂಜೆಯ ಪ್ರಾರ್ಥನೆಯ ನಂತರ. ಮೊದಲ ಎಂಟು ದಿನ ಕೆಲಸವೆಂದರೆ ಕಾಯುವುದು. ಮೇಲಿನ ಚಕ್ರ ಒಂದು ಕೂದಲಿನಷ್ಟೂ ಅಲುಗುತ್ತಿರಲಿಲ್ಲ. ನಾಲ್ಕು ವರ್ಷಗಳಲ್ಲಿ ತೆಂಗಿನೆಣ್ಣೆ ಅಂಟಾಗಿ ಗಟ್ಟಿಯಾಗಿ ಪಿಸ್ಟನ್ನಿನ ಉಂಗುರಗಳನ್ನು ಕೂಡಿಸಿಬಿಟ್ಟಿತ್ತು. ಹುಡುಗ ಹಗ್ಗಕ್ಕೆ ಕೈಹಾಕಿದಾಗ ಮೇಸ್ತ್ರಿ ಅವನ ಮಣಿಕಟ್ಟು ಹಿಡಿದರು. ಬಲ ಹಾಕಿದರೆ ಮುರಿಯುವುದು ಪಿಸ್ಟನ್ನಿನ ಉಂಗುರ ಅಥವಾ ಅದರ ದಂಡ. ಪ್ರತಿ ಸಂಜೆ ಪ್ಲಗ್ಗಿನ ತೂತಿನಿಂದ ಡೀಸೆಲು ಮತ್ತು ಆಯಿಲ್ ಬೆರೆಸಿ ಒಂದೊಂದು ಚಮಚ ಹುಯ್ಯುವುದು, ಚಕ್ರವನ್ನು ಅಂಗೈಯಿಂದ ಸುಮ್ಮನೆ ಒತ್ತಿ ನೋಡುವುದು, ಮನೆಗೆ ಹೋಗುವುದು, ಇಷ್ಟೇ ಕೆಲಸ.

ಕಾಯುವ ಆ ದಿನಗಳಲ್ಲಿ ಈ ಯಂತ್ರದ ಹುಟ್ಟನ್ನು ಕುರಿತು ಒಂದಿಷ್ಟು ಓದಿದೆವು. ಓಲೆ ಎವಿನ್‌ರೂಡ್ ಎಂಬಾತ 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಹೆತ್ತವರೊಡನೆ ಅಮೆರಿಕೆಯ ವಿಸ್ಕಾನ್ಸಿನ್ ಪ್ರಾಂತಕ್ಕೆ ಹೋದ ಯಂತ್ರಕುಶಲಿ. ಬೇಸಗೆಯ ಒಂದು ದಿನ ಸರೋವರದ ಆಚೆ ವಿಹಾರಕ್ಕೆ ಹೋಗಿದ್ದಾಗ, ಮದುವೆಯಾಗಲಿದ್ದ ಬೆಸ್ ಎಂಬಾಕೆ ಐಸ್‌ಕ್ರೀಮು ಬಯಸಿದಳಂತೆ; ಈತ ಹುಟ್ಟು ಹಾಕಿಕೊಂಡು ಹೋಗಿ ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಕಥೆ ಎಷ್ಟರ ಮಟ್ಟಿಗೆ ನಿಜವೋ, 1909ರಲ್ಲಿ ಆತ ಮಾರಾಟಕ್ಕೆ ತಂದ ಎಂಜಿನ್ನು ಮಾತ್ರ ನಿಜ. ಒಂದೂವರೆ ಅಶ್ವಶಕ್ತಿಯ ಅದರ ತೂಕ 62 ಪೌಂಡು, ಎಂದರೆ 28 ಕಿಲೋ. ನಮ್ಮ ಜಗಲಿಯಲ್ಲಿದ್ದ ಎಂಟು ಅಶ್ವಶಕ್ತಿಯ ಎಂಜಿನ್ನೂ ಹೆಚ್ಚುಕಡಿಮೆ ಅದೇ ತೂಕ. ಅಲ್ಯೂಮಿನಿಯಂ ತಂದುಕೊಟ್ಟ ಲಾಭವದು. ಆ ಹಾದಿಯನ್ನು ತೋರಿಸಿದವರಲ್ಲಿ ಎವಿನ್‌ರೂಡನೂ ಒಬ್ಬ. ಪತ್ನಿಯ ಅನಾರೋಗ್ಯದಿಂದ ಮೊದಲ ಕಾರ್ಖಾನೆಯನ್ನು ಬಿಟ್ಟುಕೊಟ್ಟಿದ್ದ ಆತ, 1921ರಲ್ಲಿ ಹಗುರವಾದ ಎರಡು ಸಿಲಿಂಡರಿನ ಹೊಸ ಎಂಜಿನ್ನಿನೊಡನೆ ಮರಳಿ ಬಂದ. ಯಮಾಹಾದ ಮೊದಲ ಔಟ್‌ಬೋರ್ಡ್ ಬಂದದ್ದು 1960ರಲ್ಲಿ, ಸುಜುಕಿಯದು 1965ರಲ್ಲಿ. ಎವಿನ್‌ರೂಡ್ ಹೆಸರಿನ ಎಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಇದನ್ನೆಲ್ಲ ಮೇಸ್ತ್ರಿಯವರಿಗೆ ವಿವರಿಸಿದಾಗ ಅವರು, "ಐಸ್‌ಕ್ರೀಮಿಗಾ?" ಎಂದು ಎರಡು ಸಲ ಕೇಳಿ, ಇನ್ನೊಂದು ಚಮಚ ಡೀಸೆಲು ಹುಯ್ದರು.

ಒಂಬತ್ತನೆಯ ಸಂಜೆ ಚಕ್ರ ಒಂದು ಬೆರಳಿನಷ್ಟು ಜರುಗಿತು. ಹತ್ತನೆಯ ದಿನ ಪೂರ್ಣ ಸುತ್ತಿತು.

ಇನ್ನು ಬಿಚ್ಚುವ ಕೆಲಸ. ಅಲ್ಯೂಮಿನಿಯಂ ಮೈಯೊಳಗೆ ಉಕ್ಕಿನ ಬೋಲ್ಟು. ಎರಡಕ್ಕೂ ನಡುವೆ ಉಪ್ಪುನೀರು. ಬೇರೆ ಬೇರೆ ಜಾತಿಯ ಎರಡು ಲೋಹಗಳು ಉಪ್ಪುನೀರಿನಲ್ಲಿ ಕೂಡಿದರೆ ಬ್ಯಾಟರಿಯೊಳಗೆ ನಡೆಯುವ ಕ್ರಿಯೆಯೇ ಅಲ್ಲಿಯೂ ನಡೆಯುತ್ತದೆ, ದುರ್ಬಲವಾದ ಲೋಹ ಸವೆಯುತ್ತದೆ. ಸವೆದ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಬೋಲ್ಟಿನ ಸುತ್ತ ಗಾರೆಯಂತೆ ಕೂತುಬಿಡುತ್ತದೆ. ಇದನ್ನು ತಡೆಯಲೆಂದೇ ಎಂಜಿನ್ನಿನ ಪಾದದಲ್ಲಿ ಸತುವಿನ ಒಂದು ತುಂಡು ಜೋಡಿಸಿರುತ್ತಾರೆ. ಅಲ್ಯೂಮಿನಿಯಂಗಿಂತ ಮೊದಲು ತಾನು ಸವೆಯುವುದೇ ಅದರ ಕೆಲಸ. ನಮ್ಮವರು ಚೆಂದ ಕಾಣಲೆಂದು ಅದಕ್ಕೂ ಬಣ್ಣ ಬಳಿಯುತ್ತಾರೆ. ಬಣ್ಣ ಬಳಿದರೆ ಅದು ನೀರಿಗೆ ಸೋಕದು, ಕೆಲಸ ಮಾಡದು. ಈ ಸತುವಿನ ವಿಚಾರ ಕೇಳುತ್ತಲೇ ಭಾನುವಾರದ ಪ್ರಸಂಗಕ್ಕೆ ವಸ್ತು ದೊರೆಯಿತೆಂದು ನಮ್ಮ ಮನಸ್ಸು ಹಾರಿದ್ದು ನಿಜ. ಅಷ್ಟರಲ್ಲಿ ಮೇಸ್ತ್ರಿ, "ಫಾದರ್, ಲಾಂದ್ರ ಸ್ವಲ್ಪ ಈಚೆ ಹಿಡಿಯಿರಿ," ಎಂದರು.

ಬೋಲ್ಟನ್ನು ಬಿಚ್ಚುವ ಮೊದಲು ಗ್ಯಾಸಿನ ಜ್ವಾಲೆಯಿಂದ ಸುತ್ತಲಿನ ಮೈಯನ್ನು ಬಿಸಿ ಮಾಡುವುದು, ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುವುದು, ಅನಂತರ ಸಡಿಲಿಸುವ ಬದಲು ಮೊದಲು ಕೂದಲೆಳೆಯಷ್ಟು ಬಿಗಿಯುವುದು. ಬಿಗಿಯುವಾಗ ಗಾರೆ ಒಡೆದರೆ ಆಮೇಲೆ ಸಡಿಲುತ್ತದೆ. ಹೀಗೆ ಒಂದೊಂದನ್ನೂ ಒಲಿಸಿಕೊಂಡು ತೆಗೆದರೂ ಎರಡು ಮುರಿದವು. ಮುರಿದದ್ದನ್ನು ಕೊರೆದು ತೆಗೆದು ಹೊಸ ಎಳೆ ಹಾಕಲು ಎರಡು ಸಂಜೆ ಹಿಡಿಯಿತು. ಹುಡುಗ ದಿನ ಎಣಿಸುತ್ತಿದ್ದ. ಮೇ ತಿಂಗಳ ನಡುವಿಗೆ ಬಂದಿದ್ದೆವು.

ತಲೆ ಬಿಚ್ಚಿದಾಗ ಕಂಡದ್ದನ್ನು ನಾವು ಮರೆಯಲಾರೆವು. ಹೊರಗೆಲ್ಲ ಬಿಳಿಯ ಹುಣ್ಣು. ಕಾರ್ಬುರೇಟರು ಸುಣ್ಣದ ಗೂಡಿನಂತೆ. ಚಕ್ರದ ಅಡಿಯ ಅಯಸ್ಕಾಂತಗಳ ಮೇಲೆ ತುಕ್ಕಿನ ಹಪ್ಪಳ. ಆದರೆ ಎರಡೂ ಸಿಲಿಂಡರುಗಳ ಗೋಡೆ, ಕಂದು ಬಣ್ಣದ ಅಂಟನ್ನು ಒರೆಸಿದ ಮೇಲೆ, ಕನ್ನಡಿಯಂತೆ ಹೊಳೆಯಿತು. ಅಡುಗೆಮನೆಯ ಆ ಒಂದು ಕುಡಿತೆ ಎಣ್ಣೆ ತಲುಪಿದ್ದಲ್ಲೆಲ್ಲ ಕಡಲು ಸೋತಿತ್ತು. ಕ್ರ್ಯಾಂಕಿನ ಕೆಳಗಿನ ಬೇರಿಂಗಿಗೆ ಎಣ್ಣೆ ತಲುಪಿರಲಿಲ್ಲ. ಅದು ತುಕ್ಕಿನಿಂದ ಗುಳಿ ಬಿದ್ದಿತ್ತು, ಬದಲಾಯಿಸಬೇಕಾಯಿತು. ಉಂಗುರಗಳೂ ಹೊಸವು ಬಂದವು. ಕಾರ್ಬುರೇಟರಿನ ಸಣ್ಣ ತೂತುಗಳನ್ನು ಹುಡುಗ ಉಕ್ಕಿನ ತಂತಿಯಿಂದ ಚುಚ್ಚಲು ಹೋಗಿ ಬೈಗುಳ ತಿಂದ. ಆ ತೂತಿನ ಅಳತೆಯೇ ಇಂಧನದ ಅಳತೆ. ಕೂದಲೆಳೆಯಷ್ಟು ಅಗಲವಾದರೂ ಎಂಜಿನ್ನು ಬೇಕಾದ್ದಕ್ಕಿಂತ ಹೆಚ್ಚು ಕುಡಿಯುತ್ತದೆ. ನೆನೆಹಾಕಬೇಕು, ಗಾಳಿ ಊದಬೇಕು, ಮತ್ತೆ ನೆನೆಹಾಕಬೇಕು.

ಇಂಧನದ ರಬ್ಬರು ಕೊಳವೆ ಇನ್ನೂ ಎಂಜಿನ್ನಿಗೆ ಅಂಟಿಕೊಂಡೇ ಇತ್ತು. ಅದು ಎಂಜಿನ್ನಿಗೆ ಸಿಕ್ಕಿಸುವ ಜಾಗದಲ್ಲಿ ಉದ್ದಿನ ವಡೆಯ ಆಕಾರದ, ಆದರೆ ಚಿಟಿಕೆಯಷ್ಟು ಸಣ್ಣ ರಬ್ಬರು ಉಂಗುರವೊಂದಿರುತ್ತದೆ. ಮೇಸ್ತ್ರಿ ಅದನ್ನು ಉಗುರಿನಿಂದ ಕಿತ್ತು ಬೆಳಕಿಗೆ ಹಿಡಿದರು. ಅಡ್ಡಕ್ಕೆ ಸೀಳಿತ್ತು, ಸೀಳಿನ ಅಂಚು ಹಳೆಯದಾಗಿ ಕಪ್ಪಾಗಿತ್ತು. "ಇಲ್ಲಿಂದ ಗಾಳಿ ಹೀರಿದೆ," ಎಂದರು. ನಿಧಾನಕ್ಕೆ ಓಡಿಸುವಾಗ ಅದು ತಿಳಿಯುವುದಿಲ್ಲ. ಅಳಿವೆಯಲ್ಲಿ ಪೂರ್ಣ ವೇಗ ಕೊಟ್ಟಾಗ ಇಂಧನಕ್ಕೆ ಬದಲು ಗಾಳಿ ಬಂದು ಎಂಜಿನ್ನು ಉಸಿರುಗಟ್ಟುತ್ತದೆ. "ಅಂದು ನಿಂತದ್ದು ಇದರಿಂದಲೇ ಎಂದು ಆಣೆ ಮಾಡಲಾರೆ. ಆದರೆ ಭಾರದಿಂದ ಎಂಜಿನ್ನು ಹಾಗೆ ಒಮ್ಮೆಲೇ ನಿಲ್ಲುವುದಿಲ್ಲ."

ಹುಡುಗ ಆ ಉಂಗುರವನ್ನು ಕಾಗದದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡ. ಮನೆಯಲ್ಲಿ ಏನು ನಡೆಯಿತೆಂದು ತಾಯಿಯಿಂದ ಕೇಳಿದ್ದೇವೆ. ಗಂಜಿಯ ಬಟ್ಟಲಿನ ಪಕ್ಕದಲ್ಲಿ ಅದನ್ನಿಟ್ಟು, "ಪಪ್ಪಾ, ಮೇಸ್ತ್ರಿಗಳು ಹೀಗೆ ಹೇಳಿದರು," ಎಂದನಂತೆ. ಅವರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರಂತೆ. ಮಾತಾಡಲಿಲ್ಲವಂತೆ. ಮರುದಿನದಿಂದ ಬಿಚ್ಚಿದ ಹಳೆಯ ಭಾಗಗಳನ್ನು ಎಸೆಯಬೇಡಿ, ಮನೆಗೆ ಕಳುಹಿಸಿ ಎಂದು ಹೇಳಿಕಳುಹಿಸಿದರು. ಹಳೆಯ ಬೇರಿಂಗು, ಉಂಗುರ, ಮುರಿದ ಬೋಲ್ಟು, ಸವೆದ ಸತು ಎಲ್ಲವೂ ಬಿಸ್ಕತ್ತಿನ ಡಬ್ಬವೊಂದರಲ್ಲಿ ಸೇರತೊಡಗಿದವು.

ಆ ಡಬ್ಬವನ್ನು ಕಂಡಾಗ ನಮಗೆ ಸೆಮಿನರಿಯ ಮೊದಲ ವರ್ಷದ ತತ್ವಶಾಸ್ತ್ರದ ತರಗತಿ ನೆನಪಾಯಿತು. ಗ್ರೀಕ್ ವೀರ ಥೀಸಿಯಸನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಹಾಕುತ್ತ ಹೋದ ಮೇಲೆ ಅದು ಅದೇ ಹಡಗೇ, ಬೇರೆಯೇ ಎಂಬುದು ತತ್ವಜ್ಞಾನಿಗಳ ಜಗಳ. ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಇನ್ನೊಂದು ಗಂಟು ಹಾಕಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು? ಪರೀಕ್ಷೆಯಲ್ಲಿ ಇದಕ್ಕೆ ನಾಲ್ಕು ಪುಟ ಬರೆದ ನೆನಪು. ಹುಡುಗನಿಗೆ ಸಮಸ್ಯೆಯನ್ನು ವಿವರಿಸಿ, ಜಗಲಿಯಲ್ಲಿರುವುದು ನಿನ್ನ ತಂದೆಯ ಎಂಜಿನ್ನೋ, ಡಬ್ಬದಲ್ಲಿರುವುದೋ ಎಂದು ಕೇಳಿದೆವು. ಅವನು ಕೈಯ ಜಿಡ್ಡನ್ನು ಲುಂಗಿಗೆ ಒರೆಸಿಕೊಂಡು, "ಸಮುದ್ರಕ್ಕೆ ಹೋಗುವುದು ಯಾವುದೋ ಅದು, ಫಾದರ್," ಎಂದ. ನಮ್ಮ ನಾಲ್ಕು ಪುಟಗಳಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯವಿದ್ದಿರಲಾರದು.

ಜೋಡಣೆ ಬೇಗ ಮುಗಿಯಿತು. ಸಿಲಿಂಡರಿನ ತಲೆಯ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿಯಬೇಕೆಂಬುದೊಂದನ್ನು ಬಿಟ್ಟು ಹೇಳುವಂಥದ್ದೇನಿಲ್ಲ. ಮೇ ಕೊನೆಯ ವಾರ ನೀರು ತುಂಬಿದ ಡ್ರಮ್ಮಿನಲ್ಲಿ ಪಾದ ಮುಳುಗಿಸಿ, ಪೆಟ್ರೋಲಿಗೆ ಮಾಮೂಲಿಗಿಂತ ಹೆಚ್ಚು ಆಯಿಲ್ ಬೆರೆಸಿ, ಹುಡುಗ ಹಗ್ಗ ಎಳೆದ. ಆರನೆಯ ಎಳೆತಕ್ಕೆ ಕೆಮ್ಮಿತು, ಒಂಬತ್ತನೆಯದಕ್ಕೆ ಎದ್ದಿತು. ನೀಲಿ ಹೊಗೆ ಉಗ್ರಾಣವನ್ನೆಲ್ಲ ತುಂಬಿತು. ತಂಪುನೀರು ಸುತ್ತಿ ಬರುತ್ತಿದೆ ಎಂಬುದಕ್ಕೆ ಗುರುತಾಗಿ ಹಿಂಬದಿಯ ತೂತಿನಿಂದ ನೀರಿನ ಎಳೆ ಚಿಮ್ಮಿತು. ಧರ್ಮೋಪದೇಶದ ತರಗತಿಗೆ ಬಂದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

ಹುಡುಗ ಅಂದೇ ದೋಣಿಗೆ ಕಟ್ಟುತ್ತೇನೆಂದ. ಮೇಸ್ತ್ರಿ ಬೇಡವೆಂದರು. ಪಾದವನ್ನು ಇನ್ನೂ ಬಿಚ್ಚಿ ನೋಡಿಲ್ಲ ಎಂದರು. ಓಡುತ್ತಿರುವುದನ್ನು ಮತ್ತೆ ಬಿಚ್ಚುವುದೆಂದರೆ ಇನ್ನೊಂದು ವಾರ, ಮಳೆ ಬಂದೇಬಿಡುತ್ತದೆ, ಸಾಲ ಮಾಡಿ ತಂದ ಭಾಗಗಳಿಗೆ ದುಡ್ಡು ಕೊಡಬೇಕು. ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಹುಡುಗನ ಪರ ವಹಿಸಿದೆವು. "ಇಷ್ಟು ಚೆನ್ನಾಗಿ ಓಡುತ್ತಿದೆಯಲ್ಲ ಮೇಸ್ತ್ರಿಗಳೇ, ಒಂದೆರಡು ದಿನ ಹೊಳೆಯಲ್ಲಿ ಓಡಿಸಲಿ, ಆಮೇಲೆ ನೋಡಬಹುದಲ್ಲ," ಎಂದೆವು. ಅವರ ಕಿವಿ ಮಂದವೆಂದು ಮೇಲೆಯೇ ಹೇಳಿದ್ದೇವೆ. ಕೇಳಿಸಿತೋ ಇಲ್ಲವೋ, ಉತ್ತರ ಕೊಡದೆ ಸ್ಕ್ರೂಡ್ರೈವರ್ ತೆಗೆದುಕೊಂಡು ಪಾದದ ಕೆಳಗಿನ ತಿರುಪನ್ನು ಬಿಚ್ಚಿದರು. ಗೇರಿನ ಆಯಿಲ್ ಜೇನಿನ ಬಣ್ಣದಲ್ಲಿ ಬರಬೇಕಾಗಿತ್ತು. ಬಂದದ್ದು ಹಾಲು ಹಾಕಿದ ಚಹದ ಬಣ್ಣದಲ್ಲಿ. ಒಳಗೆ ನೀರು ಸೇರಿತ್ತು.

ಫ್ಯಾನು ಕಳಚಿದಾಗ ಕಾರಣ ಕಂಡಿತು. ಅದರ ಹಿಂದೆ, ದಂಡದ ಸುತ್ತ, ನೈಲಾನ್ ನೂಲು ಸುತ್ತಿ ಸುತ್ತಿ ಬಿಗಿದು ಆಯಿಲ್ ಸೀಲನ್ನು ಕೊಯ್ದುಬಿಟ್ಟಿತ್ತು. ಯಾವುದೋ ಹಳೆಯ ಬಲೆಯ ತುಂಡು, ಅವರದೇ ಬಲೆಯದಿರಲೂಬಹುದು. ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿದ್ದು ಕಡಲಿನಲ್ಲಿಯೂ ಕೆಲವು ದಿನ ಓಡುತ್ತಿತ್ತು. ಅನಂತರ ಗೇರು ಒರಟಾಗಿ, ಬೇರಿಂಗು ಸಿಡಿದು, ಒಂದು ದಿನ ತಲೆ ಗರ್ಜಿಸುತ್ತಿದ್ದರೂ ಫ್ಯಾನು ತಿರುಗದೆ ನಿಲ್ಲ‍ುತ್ತಿತ್ತು. ಆ ದಿನ ದೋಣಿ ಎಲ್ಲಿರುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹುಡುಗ ಮುಖ ಬೇರೆ ಕಡೆ ತಿರುಗಿಸಿದ. ನಾವು ಲಾಂದ್ರದ ಬತ್ತಿಯನ್ನು ಸರಿಪಡಿಸಿದೆವು, ಅದು ಸರಿಯಾಗಿಯೇ ಇತ್ತು.

ಪಾದವನ್ನು ಪೂರ್ತಿ ಬಿಚ್ಚಿದಾಗ ನೀರೆತ್ತುವ ರಬ್ಬರು ಇಂಪೆಲ್ಲರೂ ಬದಲಾಗಬೇಕಾದದ್ದೇ ಎಂದು ತಿಳಿಯಿತು. ಹೂವಿನ ಎಸಳುಗಳಂಥ ಅದರ ರೆಕ್ಕೆಗಳು ಎಂಜಿನ್ನು ಒಂದೇ ಕಡೆ ಬಹಳ ಕಾಲ ನಿಂತರೆ ಒಂದೇ ಬದಿಗೆ ಬಾಗಿ ಚಿಮ್ಮುವ ಗುಣ ಕಳೆದುಕೊಳ್ಳುತ್ತವೆ. ಡ್ರಮ್ಮಿನಲ್ಲಿ ನೀರಿನ ಎಳೆ ಚಿಮ್ಮಿತ್ತು, ನಿಜ. ಭಾರ ಹೊತ್ತು ಗಂಟೆಗಟ್ಟಲೆ ಓಡುವಾಗ ಚಿಮ್ಮುತ್ತಿರಲಿಲ್ಲ. ಸೀಲುಗಳು, ಇಂಪೆಲ್ಲರು, ಒಂದು ಬೇರಿಂಗು ಮಂಗಳೂರಿನಿಂದ ಬರುವಾಗ ಮಳೆ ಹಿಡಿದಿತ್ತು. ಎಲ್ಲ ಸೇರಿ ಹೊಸ ಎಂಜಿನ್ನಿನ ಬೆಲೆಯ ಕಾಲುಭಾಗವೂ ಆಗಲಿಲ್ಲ. ಮೇಸ್ತ್ರಿ ತಮ್ಮ ಮಜೂರಿಯನ್ನು ಸೀಗಡಿಯ ರೂಪದಲ್ಲಿ ಪಡೆಯುವುದಾಗಿ ಹೇಳಿದರು; ತೂಕವನ್ನೂ ಖಚಿತವಾಗಿ ಹೇಳಿದರು. ವಯಸ್ಸಾದವರೆಂದು ಯಾರೂ ಅವರನ್ನು ಲೆಕ್ಕದಲ್ಲಿ ಮೋಸಗೊಳಿಸಲಾಗದು.

ಜೂನ್ ಅರ್ಧ ಕಳೆದು, ಮೊದಲ ತೂಫಾನು ತಣಿದ ಮೇಲೆ, ಹುಡುಗ ಮತ್ತು ಅವನ ಚಿಕ್ಕಪ್ಪ ಬೆಳಗಿನ ಜಾವದಲ್ಲಿ ಹೊರಟರು. ಅದಕ್ಕೆ ಮೊದಲು ಮೂರು ದಿನ ಹೊಳೆಯಲ್ಲಿಯೇ ಓಡಿಸಿ, ಗೇರಿನ ಆಯಿಲ್ಲನ್ನು ಮತ್ತೆ ಬಿಚ್ಚಿ ನೋಡಿದ್ದರು. ಜೇನಿನ ಬಣ್ಣವೇ ಇತ್ತು. ಬೆಳಗಿನ ಬಲಿಪೂಜೆ ಮುಗಿಸಿ ನಾವು ದಡಕ್ಕೆ ಹೋದಾಗ ತಾಯಿ ಅಲ್ಲಿ ಮೊದಲೇ ಬಂದು ಜಪಸರ ಹಿಡಿದು ನಿಂತಿದ್ದರು. ಯಜಮಾನರು ಇರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ದೋಣಿ ಅಳಿವೆಯ ಹೊರಗೆ ಕಂಡಿತು. ಅಲೆ ಎಣಿಸುತ್ತ ಸ್ವಲ್ಪ ಹೊತ್ತು ನಿಂತು, ಒಂದು ದೊಡ್ಡ ಅಲೆಯ ಬೆನ್ನು ಹಿಡಿದು, ಎಂಜಿನ್ನಿನ ಸದ್ದು ಏರಿ, ಒಳಗೆ ಬಂದುಬಿಟ್ಟಿತು. ಅಷ್ಟೇ. ನೋಡುತ್ತಿದ್ದವರಿಗೆ ಅದು ದೀರ್ಘವೆನಿಸಿತು. ಆಗಿದ್ದು ಅರೆ ನಿಮಿಷ. ಬುಟ್ಟಿಯಲ್ಲಿ ಸೀಗಡಿ ಹೆಚ್ಚೇನಿರಲಿಲ್ಲ. ಮೇಸ್ತ್ರಿಯವರ ಬಾಕಿಗೆ ಮೊದಲ ಕಂತು ಎನ್ನಬಹುದು.

ಎಂಜಿನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹುಡುಗ ಮನೆಗೆ ಬಂದಾಗ ನಾವೂ ಜೊತೆಯಲ್ಲಿದ್ದೆವು. ಯಜಮಾನರು ಜಗಲಿಯ ತಮ್ಮ ಮೂಲೆಯಿಂದ ಎದ್ದು ಬಂದರು. ಮುಚ್ಚಳ ತೆಗೆಸಿ ನೋಡಿದರು. ಇಂಧನದ ಕೊಳವೆ ಸಿಕ್ಕಿಸುವ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಹಿತ್ತಿಲಿನಲ್ಲಿ ಸಿಹಿನೀರಿನ ಡ್ರಮ್ಮು ಆಗಲೇ ತುಂಬಿ ನಿಂತಿತ್ತು. ತುಂಬಿದವರು ಯಾರೆಂದು ಕೇಳಬೇಕಾಗಿರಲಿಲ್ಲ.

"ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಂದೆಯಾ?" ಎಂದು ಕೇಳಿದರು.

ಹುಡುಗ ನಮ್ಮ ಮುಖ ನೋಡಿದ. ತಂದಿರಲಿಲ್ಲ.

"ಹಾಗಾದರೆ ಕಾರ್ಬುರೇಟರ್ ಬಸಿ. ಸ್ಪ್ಯಾನರ್ ಎಲ್ಲಿಟ್ಟಿದ್ದೀ?" ಎಂದು ಅವರು ಲುಂಗಿ ಎತ್ತಿ ಕಟ್ಟಿದರು.